ಗೊಬೊ ದಾಟಿದ ತಂತಿ

ಬೆಳಿಗ್ಗೆ ಅಕ್ಕಿ ತೊಳೆಯಲು ಕೂತಾಗ ಕಿನುಯೊ ಎಂದಿನಂತೆ ಮೂರು ಲೋಟ ಅಳೆದು ಹಾಕಿದಳು. ನಾಳೆಯಿಂದ ಎರಡೇ ಸಾಕು ಎಂಬುದು ನೆನಪಾಯಿತು. ನೆನಪಾಯಿತು, ಅಷ್ಟೇ. ಕುಕ್ಕರಿನ ಮುಚ್ಚಳ ಹಾಕಿ ಗುಂಡಿ ಒತ್ತಿದಳು.

ಹನ್ನೊಂದಕ್ಕೆ ದೊಡ್ಡ ಮಗಳನ್ನು ಕರೆದೊಯ್ಯಲು ಮೊರಿಯೊ ಬರುವವನಿದ್ದ. ಅವನನ್ನು ಈಗ ಗಂಡ ಅನ್ನುವಂತಿರಲಿಲ್ಲ. ಹದಿನೈದು ದಿನದ ಹಿಂದೆಯೇ ವಾರ್ಡ್ ಕಚೇರಿಗೆ ವಿಚ್ಛೇದನದ ಕಾಗದ ಕೊಟ್ಟಾಗಿತ್ತು. ಉತ್ತರ ಜಪಾನಿನ ಅಕಿತಾದಲ್ಲಿರುವ ಅವನ ತಾಯಿಯ ಮನೆತನದ ಹೆಸರು ಉಳಿಸಲು ಬೇರೆ ಯಾರೂ ಇಲ್ಲವಾದ್ದರಿಂದ, ಹನ್ನೊಂದು ವರ್ಷದ ಚಿಜುರು ಆ ಕಡೆಗೆ, ಏಳು ವರ್ಷದ ನಾಮಿ ಈ ಕಡೆಗೆ ಎಂದು ಹಿರಿಯರು ತೀರ್ಮಾನಿಸಿದ್ದರು. ಮತ್ತೆ ಯಾವಾಗ ಭೇಟಿ ಎಂಬ ಮಾತನ್ನು ಯಾರೂ ಎತ್ತಲಿಲ್ಲ, ಹಾಗೆ ಎತ್ತುವ ರೂಢಿಯೂ ಇರಲಿಲ್ಲ. ಕಿನುಯೊ ಸಹಿಯ ಬದಲು ಒತ್ತುವ ತನ್ನ ಹೆಸರಿನ ಮುದ್ರೆಯನ್ನು ಕೆಂಪು ಶಾಯಿಗೆ ತಾಗಿಸಿ, ಅವರು ಬೆರಳಿಟ್ಟು ತೋರಿಸಿದ ಕಡೆ ಒತ್ತಿ ಬಂದಿದ್ದಳು.

ಹುಡುಗಿಯರಿಬ್ಬರೂ ಅಡಿಯಲ್ಲಿ ಹೀಟರ್ ಇರುವ ಗಿಡ್ಡ ಮೇಜಿಗೆ ಹೊದಿಸಿದ ರಜಾಯಿಯೊಳಗೆ ಕಾಲು ತೂರಿಸಿ ಎದುರುಬದುರು ಕೂತಿದ್ದರು. ಇಬ್ಬರ ಕೈಯಲ್ಲೂ ಪುಟ್ಟ ವಿಡಿಯೊ ಆಟದ ಯಂತ್ರ. ಎರಡನ್ನೂ ಕೂಡಿಸಿದ್ದ ಬೂದು ಬಣ್ಣದ ತಂತಿ ಮೇಜಿನ ಮೇಲೆ ಕಿತ್ತಳೆ ಸಿಪ್ಪೆಗಳ ನಡುವೆ ಹಾದು ಹೋಗಿತ್ತು. ಚಿಜುರುವಿನ ಆಟದಲ್ಲಿ ಒಂದು ಪ್ರಾಣಿ ಇತ್ತು. ಅಡುಗೆಗೆ ಬಳಸುವ ಗೊಬೊ ಬೇರಿನ ಹಾಗೆ ಕಪ್ಪಗೆ, ಉದ್ದಕ್ಕೆ ಇದ್ದದ್ದರಿಂದ ಅದಕ್ಕೆ ಗೊಬೊ ಎಂದೇ ಹೆಸರಿಟ್ಟಿದ್ದರು. ಎರಡು ವರ್ಷ ಇಬ್ಬರೂ ಸೇರಿ ಸಾಕಿದ್ದು. ಅಕ್ಕ ಶಾಲೆಗೆ ಹೋದಾಗ ತಂಗಿ, ತಂಗಿ ಮಲಗಿದಾಗ ಅಕ್ಕ. ಆದರೆ ಇದ್ದದ್ದು ಒಂದೇ.

ಚಿಜುರು ತಾಯಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ವಿಷಯ ಹೇಳಿದಳು. ತರಗತಿಯ ಹುಡುಗಿಯರೆಲ್ಲ ಬಲ್ಲ ಒಂದು ಉಪಾಯವಂತೆ. ಗೊಬೊ ತಂತಿಯಲ್ಲಿ ನಾಮಿಯ ಕಡೆಗೆ ದಾಟುತ್ತದೆ, ಅತ್ತಲಿಂದ ನಾಮಿಯ ಆಟದ ಒಂದು ಹುಳ ಇತ್ತ ಬರುತ್ತದೆ. ನಾಮಿಯ ಯಂತ್ರ ಗೊಬೊವನ್ನು ಬರೆದುಕೊಂಡಿರಬೇಕು, ಚಿಜುರುವಿನ ಯಂತ್ರ ಅದನ್ನು ಅಳಿಸಿರಬಾರದು. ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಚಿಜುರುವಿನ ಯಂತ್ರವನ್ನು ಆರಿಸಿಬಿಟ್ಟರೆ ಗೊಬೊ ಇಬ್ಬರಲ್ಲೂ ಉಳಿಯುತ್ತದೆ. ಕೂದಲೆಳೆಯಷ್ಟು ತಪ್ಪಿದರೆ ಇಬ್ಬರಲ್ಲೂ ಇರುವುದಿಲ್ಲ.

"ಅಕ್ಕ, ನಿನ್ ಗೊಬೊ ನನ್ ಹುಳ ನೋಡಿ ಹೆದರ್ಕೊಂಡಿದೆ," ಎಂದು ನಾಮಿ ಛೇಡಿಸಿದಳು.

"ಬಾಯಲ್ಲಿರೋ ಕಿತ್ತಳೆ ನುಂಗಿ ಮಾತಾಡೆ," ಅಂದಳು ಚಿಜುರು. ಆಮೇಲೆ ತಾಯಿಯ ಕಡೆ ತಿರುಗಿ, "ಆರಿಸೋದು ನೀನೇ ಆಗ್ಬೇಕಮ್ಮ. ನನ್ ಕೈ ನಡುಗತ್ತೆ."

"ನನಗೇನು ಗೊತ್ತಾಗತ್ತೆ ಇದೆಲ್ಲ."

"ನಾನು ಈಗ ಅಂತೀನಿ, ನೀನು ಒತ್ತು. ನಿನ್ ಕೈ ನಡುಗಲ್ಲ. ಆವತ್ತು ಮುದ್ರೆ ಒತ್ತುವಾಗ್ಲೂ ನಡುಗಲಿಲ್ಲ, ನಾನು ನೋಡ್ತಿದ್ದೆ."

ಮಗಳ ಮಾತಿನಲ್ಲಿ ಕೊಂಕು ಇರಲಿಲ್ಲ. ಅಮ್ಮನ ಕಿಮೊನೊ ಸೊಂಟಪಟ್ಟಿಯ ಗಂಟು ಚೆನ್ನಾಗಿರುತ್ತದೆ ಎನ್ನುವಂತೆ ಹೇಳಿದ್ದಳು. ಕಿನುಯೊ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಯಂತ್ರವನ್ನು ತೆಗೆದುಕೊಂಡಳು. ಮಗಳು ಹಿಡಿದಿದ್ದ ಕಡೆ ಅದು ಬೆಚ್ಚಗಿತ್ತು. ಮೇಲಂಚಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು.

ಪರದೆಯ ಮೇಲೆ ಗೊಬೊ ಒಮ್ಮೆ ಕೂಗಿತು. ಪುಟ್ಟ ಗೋಲಿಯಾಗಿ ತಂತಿಯ ಚಿತ್ರದೊಳಗೆ ಇಳಿದು ಹೊರಟಿತು. ಗೋಲಿ ಆ ತುದಿ ಮುಟ್ಟಿತು, 'ಕಾಯಿರಿ' ಎಂಬ ಪದ ಮೂಡಿತು.

"ಈಗ," ಅಂದಳು ಚಿಜುರು.

ಕಿನುಯೊಗೆ ಸ್ಪಷ್ಟವಾಗಿ ಕೇಳಿಸಿತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಗುಂಡಿಯ ಮೇಲಿನ ಸಣ್ಣ ಗೀರುಗಳೂ ಬೆರಳಿಗೆ ತಿಳಿಯುತ್ತಿದ್ದವು.

"ಅಮ್ಮ, ಈಗ."

ಪರದೆ ಬದಲಾಯಿತು. ಚಿಜುರುವಿನ ಯಂತ್ರದಲ್ಲಿ ಒಂದು ಹುಳ ಬಂದು ತಲೆ ಅಲ್ಲಾಡಿಸಿತು. ಗೊಬೊ ಆ ಕಡೆ ಇತ್ತು.

ಕುಕ್ಕರಿನಿಂದ ಅನ್ನದ ಆವಿ ಬರುತ್ತಿತ್ತು.

"ಒತ್ತಲೇ ಇಲ್ಲ ನೀನು," ಅಂದಳು ಚಿಜುರು.

"ಎರಡೂ ಹೋಗ್ಬಿಟ್ಟಿದ್ರೆ?"

"ಹೋಗ್ತಿರ್ಲಿಲ್ವೇನೋ."

ಇನ್ನೊಮ್ಮೆ ಮಾಡೋಣ, ಗೊಬೊವನ್ನು ವಾಪಸ್ ಕಳಿಸುತ್ತೇನೆ ಎಂದು ನಾಮಿ ಗಡಿಬಿಡಿಯಿಂದ ಗುಂಡಿಗಳನ್ನು ಒತ್ತತೊಡಗಿದಳು. ಅಷ್ಟರಲ್ಲಿ ಕೆಳಗೆ ಸೈಕಲ್ ಶೆಡ್ಡಿನ ಹತ್ತಿರ ಮೊರಿಯೊನ ಕಾರು ಎರಡು ಸಲ ಹಾರನ್ ಹಾಕಿತು. ಅವನು ಮೇಲೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದ. ಚಿಜುರು ತಂಗಿಯ ಕೈ ಹಿಡಿದು ನಿಲ್ಲಿಸಿದಳು. "ಬೇಡ. ಇಲ್ಲೇ ಇರ್ಲಿ."

ತಂತಿಯನ್ನು ಎರಡೂ ಕಡೆಯಿಂದ ಕಿತ್ತು, ಅಂಗೈಗೆ ಸುತ್ತಿ, ರಬ್ಬರ್ ಬ್ಯಾಂಡು ಹಾಕಿದಳು. ನಿನ್ನ ಚೀಲಕ್ಕೆ ಹಾಕಿಕೋ ಎಂದು ಕಿನುಯೊ ಹೇಳಿದಳು.

"ನನಗ್ಯಾಕಮ್ಮ? ಅಲ್ಲಿ ಆ ಕಡೆ ತುದಿಗೆ ಯಾರಿದ್ದಾರೆ?"

ಕಿನುಯೊ ಬಿಸಿ ಅನ್ನದಲ್ಲಿ ಉಪ್ಪಿನಲ್ಲಿ ಊರಿಸಿದ ಪ್ಲಮ್ ಹಣ್ಣು ಇಟ್ಟು ಮೂರು ಉಂಡೆ ಕಟ್ಟಿಕೊಟ್ಟಳು. ಮಗಳು ಬೂಟು ಹಾಕಿಕೊಂಡು, ಹೊರಡುವವರು ಎಂದಿನಂತೆ ಹೇಳುವ 'ಹೋಗಿಬರ್ತೀನಿ'ಯನ್ನೇ ಹೇಳಿದಳು. ಕಿನುಯೊ ಕೂಡ ಎಂದಿನ 'ಹೋಗಿ ಬಾ' ಹೇಳಿ, ಮೆಟ್ಟಿಲಿನ ಸದ್ದು ನಿಂತ ಮೇಲೆ ಬಾಗಿಲು ಹಾಕಿದಳು. ತಂತಿಯನ್ನು ಊಟದ ಕಡ್ಡಿಗಳ ಡ್ರಾಯರಿನಲ್ಲಿಟ್ಟಳು. ಅಲ್ಲಿ ಚಿಜುರುವಿನ ಕಡ್ಡಿಗಳೂ ಇದ್ದವು.

ಏಪ್ರಿಲಿನಲ್ಲಿ ಶಾಲೆ ಶುರುವಾಯಿತು. ಒಂದು ಸಂಜೆ ಬಟ್ಟೆ ಮಡಚುತ್ತಿದ್ದ ಕಿನುಯೊ ಬಳಿಗೆ ನಾಮಿ ಯಂತ್ರ ಹಿಡಿದು ಬಂದಳು. ಬೇರೆಯವರ ಕೈಯಲ್ಲಿ ಬೆಳೆದ ಪ್ರಾಣಿ ಹೊಸಬರ ಮಾತು ಕೇಳುವುದಿಲ್ಲ, ಅದು ಆಟದ ನಿಯಮ. ಗೊಬೊವಿನ ವಿವರ ಬರುವ ಪುಟದಲ್ಲಿ ಒಡೆಯರ ಹೆಸರು ಚಿಜುರು ಎಂದೇ ಇತ್ತು, ಅದನ್ನು ಅಳಿಸಲು ಬರುತ್ತಿರಲಿಲ್ಲ.

"ಅಮ್ಮ, ಎಷ್ಟು ಹೇಳಿದ್ರೂ ಕೇಳ್ತಿಲ್ಲ. ಮಲ್ಕೊಂಡ್ಬಿಟ್ಟಿದೆ."

ಕಿನುಯೊ ಬಾಗಿ ನೋಡಿದಳು. ಕಪ್ಪನೆಯ ಪ್ರಾಣಿ ಆಟದ ಯುದ್ಧದ ನಡುವೆ ಮುದುಡಿಕೊಂಡು ನಿದ್ದೆ ಮಾಡುತ್ತಿತ್ತು. ಎದುರಿಗಿದ್ದ ಪ್ರಾಣಿ ಹೊಡೆಯುತ್ತಲೇ ಇತ್ತು, ಗೊಬೊ ಏಳಲಿಲ್ಲ.

"ಮಲ್ಕೊಳ್ಳಲಿ ಬಿಡು," ಅಂದಳು.

ನಾಮಿ ಯಂತ್ರವನ್ನು ಆರಿಸದೆ ತಾಯಿಯ ಮಂಡಿಗೆ ಒರಗಿ ಕೂತಳು. ಕಿನುಯೊ ಇನ್ನೊಂದು ಕಾಲುಚೀಲವನ್ನು ತೆಗೆದುಕೊಂಡು, ಅದರ ಜೊತೆಯದನ್ನು ಹುಡುಕತೊಡಗಿದಳು.