ಮರದ ಹಿಡಿಯ ಸ್ಕ್ರೂಡ್ರೈವರ್

ಅತ್ತೆಯ ಸೂಟ್‌ಕೇಸು ಡಿಕ್ಕಿ ಸೇರಿ ಕಾಲು ಗಂಟೆಯಾಗಿತ್ತು. ಕಾರು ಮಾತ್ರ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲೊಲ್ಲದು. ನಾನು ಕೀಲಿ ತಿರುಗಿಸಿದಾಗಲೆಲ್ಲ ಮುಂದಿನಿಂದ ‘ಟಕ್’ ಎಂದು ಒಂದೇ ಒಂದು ಸದ್ದು, ಆಮೇಲೆ ಏನೂ ಇಲ್ಲ. ಹಿಂದಿನ ಸೀಟಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅತ್ತೆ ಆರನೇ ಟಕ್ಕಿಗೆ ಬಾಗಿಲು ತೆಗೆದು ಇಳಿದರು.

“ಇದು ನಿಮ್ಮ ಮಾವನದೇ ಕೆಲಸ,” ಎಂದರು. “ನಿನ್ನೆ ಮಧ್ಯಾಹ್ನ ಪೂರ್ತಿ ಬಾನೆಟ್ ಒಳಗೆ ತಲೆ ತೂರಿಸಿಕೊಂಡು ನಿಂತಿದ್ರಲ್ಲ. ಹೋಗಬೇಡ ಅನ್ನೋಕೆ ಬಾಯಿ ಬರಲ್ಲ, ವೈರು ಕೀಳೋಕೆ ಕೈ ಬರುತ್ತೆ.”

ನಿಜ ಹೇಳಬೇಕೆಂದರೆ, ಮಾವ ಹಾಗೆ ಮಾಡಿದ್ದರೆ ನನಗೆ ಸಂತೋಷವೇ ಆಗುತ್ತಿತ್ತು. ಆದರೆ ಅವರು ಮಾಡಿದ್ದು ಅದಲ್ಲ. ಹೆಂಡತಿ ಮನೆ ಬಿಟ್ಟು ಹೊರಟಿದ್ದಾಳೆಂದು ಗೊತ್ತಾದ ಮೇಲೆ ಆ ಮನುಷ್ಯ ಇಂಜಿನ್ ಆಯಿಲ್ ಬದಲಾಯಿಸಿದ್ದರು, ಬ್ಯಾಟರಿ ತೊಳೆದಿದ್ದರು, ಟೈರಿಗೆ ಗಾಳಿ ಹಾಕಿದ್ದರು. ಬಸ್ ನಿಲ್ದಾಣದವರೆಗಿನ ಏಳು ಕಿಲೋಮೀಟರಿಗೆ! ನನಗೆ ಮೈಯೆಲ್ಲ ಉರಿದುಹೋಗಿತ್ತು.

ಅತ್ತೆ ಹೊರಟಿದ್ದು ತಂಗಿಯ ಮನೆಗೆ, ಹನ್ನೊಂದೂವರೆಯ ಬಸ್ಸಿಗೆ. ನಾಲ್ಕು ದಿನಕ್ಕಲ್ಲ. ಸ್ವೆಟರು, ಹೊಲಿಗೆ ಡಬ್ಬಿ, ಕೊನೆಗೆ ತಲೆದಿಂಬನ್ನೂ ತುಂಬಿಕೊಂಡಿದ್ದರು. ತಲೆದಿಂಬು ಒಯ್ಯುವವರು ವಾಪಸು ಬರುವ ಯೋಚನೆಯಲ್ಲಿ ಹೋಗುವುದಿಲ್ಲ. ನನ್ನ ಗಂಡ, “ಅವರಿಬ್ಬರ ವಿಷಯಕ್ಕೆ ನಾವು ಹೋಗೋದು ಬೇಡ,” ಎಂದು ಬೆಳಿಗ್ಗೆಯೇ ಡ್ಯೂಟಿಗೆ ಜಾರಿಕೊಂಡಿದ್ದ. ಜಾರಿಕೊಳ್ಳುವುದರಲ್ಲಿ ಈ ಮನೆಯ ಗಂಡಸರದು ಎತ್ತಿದ ಕೈ.

ಬಟ್ಟೆ ಮಡಚುವಾಗ ಅತ್ತೆ ನನಗೆ ಕಾರಣ ಹೇಳಿದ್ದರು. ಹೋದ ವರ್ಷ ಅವರ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಪರೀಕ್ಷೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದರು. ಅತ್ತೆ ಮೆಲ್ಲಗೆ, “ರೀ, ನನಗೆ ಭಯ ಆಗ್ತಿದೆ,” ಎಂದರಂತೆ. ಮಾವ ಗೋಡೆ ಗಡಿಯಾರ ನೋಡಿ, “ಇನ್ನೂ ಅರ್ಧ ಗಂಟೆ ಆಗಬಹುದು,” ಎಂದರಂತೆ. ಗಂಟು ಏನೂ ಅಲ್ಲವೆಂದು ವೈದ್ಯರು ಹೇಳಿದರು, ಎಲ್ಲರೂ ಮರೆತೆವು. ಅತ್ತೆ ಮರೆಯಲಿಲ್ಲ. ಆಮೇಲೂ ಒಂದಷ್ಟು ದಿನ ಮಾತಾಡಿ ನೋಡಿದರು. ಗೋಡೆಗೆ ಹೇಳಿದ ಹಾಗಿತ್ತು. ಕೊನೆಗೆ ಮಾತು ಬಿಟ್ಟರು. ಊಟದ ತಟ್ಟೆಯನ್ನು ಟಕ್ಕೆಂದು ಕುಕ್ಕುವುದಷ್ಟೇ ಉಳಿದಿತ್ತು.

“ಮೂವತ್ತೆಂಟು ವರ್ಷ ಬಾಳಿದವಳು ಭಯ ಆಗುತ್ತೆ ಅಂದ್ರೆ ಯಾಕೆ ಅಂತ ಒಂದು ಮಾತು ಕೇಳಬಾರದಾ?” ಎಂದು ತಲೆದಿಂಬನ್ನು ಸೂಟ್‌ಕೇಸಿಗೆ ತುರುಕಿದ್ದರು.

ಸ್ಟಾರ್ಟ್ ಆಗದ ಕಾರು ಅಂಗಳದಲ್ಲಿರುವಾಗ ಮಾವ ಒಳಗೆ ಕೂರುವವರಲ್ಲ. ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯಾದ ಮೇಲೂ ಬೀದಿಯವರ ಸ್ಕೂಟರು, ಕಾರು, ಮಿಕ್ಸಿ ಎಲ್ಲ ಬರುವುದು ಇವರ ಬಳಿಗೇ. ಅತ್ತೆಯ ಕಡೆ ನೋಡದೆ ಬಾನೆಟ್ ಎತ್ತಿ, ಕೀಲಿ ತಿರುಗಿಸು ಎಂದು ನನಗೆ ಕೈಸನ್ನೆ ಮಾಡಿದರು.

ಟಕ್.

“ತಿರುಗಿಸು ಅಂದ್ನಲ್ಲಮ್ಮ!”

“ತಿರುಗಿಸಿದೆ ಮಾವ!”

ದೀಪ ಹಾಕಿಸಿದರು. ಹೆಡ್‌ಲೈಟು ಜೋರಾಗಿಯೇ ಉರಿಯಿತು. ಆದರೂ ಬ್ಯಾಟರಿಯದೇ ತಪ್ಪಿರಬೇಕು ಎಂದರು. ಪಕ್ಕದ ಮನೆಯ ಮೇಷ್ಟ್ರು ತಮ್ಮ ಕಾರನ್ನು ತಂದು ಮೂತಿಗೆ ಮೂತಿ ನಿಲ್ಲಿಸಿ, ಕೇಬಲ್ ಹಾಕಿ ಅವರ ಬ್ಯಾಟರಿಯಿಂದ ಕರೆಂಟು ಕೊಟ್ಟರು. ಮತ್ತೆ ಅದೇ ಟಕ್. ಮಾವ ತಲೆ ಕೆರೆದುಕೊಂಡು, “ಏನಾದರೂ ಶಬ್ದ ಬಂತಾ ಮೇಷ್ಟ್ರೇ?” ಎಂದು ಕೇಳಿದರು.

ಆಗ ನನಗೆ ಎಲ್ಲೋ ಚುರುಕ್ ಎಂದಿತು. ಬೀದಿ ತಿರುವಿನಲ್ಲಿ ಬರುವ ಬಸ್ಸಿನ ಸದ್ದು ಕೇಳಿ ಅದರ ಯಾವ ಬೇರಿಂಗ್ ಸವೆದಿದೆಯೆಂದು ಹೇಳುತ್ತಿದ್ದ ಮನುಷ್ಯ ಇವರು. ಗಣಿತ ಹೇಳಿಕೊಡುವ ಮೇಷ್ಟ್ರ ಹತ್ತಿರ ಕಾರಿನ ಶಬ್ದದ ಬಗ್ಗೆ ವಿಚಾರಿಸುತ್ತಿದ್ದಾರೆ!

ಮಾವ ಶೆಡ್ಡಿಗೆ ಹೋಗಿ ತಮ್ಮ ಉದ್ದನೆಯ ಸ್ಕ್ರೂಡ್ರೈವರ್ ತಂದರು. ಅದರ ಮರದ ಹಿಡಿ ಕೈಬೆವರಿಗೆ ಕಪ್ಪಾಗಿ ನುಣುಪಾಗಿತ್ತು. ಡಿಪೋದಲ್ಲಿ ಅದೇ ಅವರ ಸ್ಟೆತಾಸ್ಕೋಪು. ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕೈಸನ್ನೆ ಮಾಡಿದರು. ನಾನು ಕೀಲಿ ತಿರುಗಿಸಿದೆ. ತಲೆಯಾಡಿಸಿದರು. ಇನ್ನೊಂದು ಕಿವಿಗೆ ಇಟ್ಟರು. ಮತ್ತೆ ತಲೆಯಾಡಿಸಿದರು. ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು, ತುದಿಯನ್ನು ಇಂಜಿನ್ನಿಗೆ ಒತ್ತಿಕೊಂಡೇ ಆ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ನಾನು ನೋಡುತ್ತಿದ್ದೆ. ಕೀಲಿ ತಿರುಗಿಸಿದೆ.

ಅವರ ಕಣ್ಣು ಅರಳಿತು.

“ಟಕ್ ಅಂತಿದೆ!” ಎಂದರು, ಹೊಸ ಸುದ್ದಿ ಹೇಳುವವರ ಹಾಗೆ. ಮೇಷ್ಟ್ರು ನನ್ನ ಮುಖ ನೋಡಿದರು. ಅರ್ಧ ಗಂಟೆಯಿಂದ ಎದುರು ಮನೆಯ ಮಹಡಿಗೂ ಕೇಳುತ್ತಿದ್ದ ಟಕ್ಕು ಅದು. ಕಿವಿ ಹಿಡಿಯದ ಸದ್ದನ್ನು ಅವರ ಹಲ್ಲು, ಮೂಳೆ ಹಿಡಿದಿದ್ದವು.

ಅಲ್ಲಿಂದ ಮುಂದೆ ಮಾವನ ಕೈ ತಡವರಿಸಲಿಲ್ಲ. ಮೇಷ್ಟ್ರ ಕಾರಿನಿಂದ ನಮ್ಮ ಬ್ಯಾಟರಿಗೆ ಹಾಕಿದ್ದ ಕಪ್ಪು ಕೇಬಲ್ ಕಿತ್ತು ನೇರವಾಗಿ ಇಂಜಿನ್ನಿನ ಮೈಗೆ ಸಿಕ್ಕಿಸಿದರು. ಕೀಲಿ ತಿರುಗಿಸಿದೆ. ಕಾರು ಗುರ್ರೆಂದು ಎದ್ದಿತು. ಆಫ್ ಮಾಡಿಸಿ, ಕೇಬಲ್ ತೆಗೆದು, ಬ್ಯಾಟರಿಯಿಂದ ಇಂಜಿನ್ನಿಗೆ ಹೋಗುವ ಅರ್ತ್ ವೈರಿನ ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದರು. ಅದು ಗಿರಗಿರನೆ ತಿರುಗಿತು. ಎಳೆದರೆ ಈಚೆಗೇ ಬಂತು. ಅದರ ತಿರುಪಿನ ಗೆರೆಗಳು ಪೂರ್ತಿ ಹರಿದುಹೋಗಿದ್ದವು.

“ನಿನ್ನೆ ಇದನ್ನ ನಾನೇ ಬಿಗಿದಿದ್ದು,” ಎಂದರು. ದನಿ ಸಣ್ಣದಾಗಿತ್ತು. “ಕಿರ್ ಅನ್ನೋ ತನಕ ತಿರುಗಿಸಿ ನಿಲ್ಲಿಸೋದು ನನ್ನ ಅಭ್ಯಾಸ. ಡಿಪೋದಲ್ಲಿ ಹುಡುಗರಿಗೆಲ್ಲ ಹಾಗೇ ಕಲಿಸಿದ್ದೆ. ನಿನ್ನೆ ಅದು ಕಿರ್ ಅನ್ನಲೇ ಇಲ್ಲ. ತಿರುಗಿಸ್ತಾನೇ ಹೋದೆ.”

ಬೋಲ್ಟು ಕಿರ್ ಎಂದಿತ್ತು. ಅಡುಗೆಮನೆಯ ಕಿಟಕಿಯಲ್ಲಿ ನಿಂತ ನನಗೇ ಕೇಳಿಸಿತ್ತು. ಇನ್ನೂ ಯಾಕೆ ತಿರುಗಿಸುತ್ತಿದ್ದಾರೆ ಎಂದು ಆಗಲೂ ಬೈದುಕೊಂಡಿದ್ದೆ.

ಅಲ್ಲಿಯವರೆಗೆ ಮನೆಯ ಮೆಟ್ಟಿಲ ಮೇಲೆ ನಿಂತಿದ್ದ ಅತ್ತೆ ಇಳಿದು ಬಂದರು. “ಯಾವಾಗಿಂದ?” ಎಂದು ಕೇಳಿದರು. ಮಾವ ಬೋಲ್ಟನ್ನೇ ನೋಡುತ್ತಿದ್ದರು. ಅತ್ತೆ ಅವರ ಭುಜ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡು ಜೋರಾಗಿ ಕೇಳಿದರು, “ಯಾವಾಗಿಂದ ಕೇಳಿಸ್ತಿಲ್ಲ ನಿಮಗೆ?”

“ಎರಡು ವರ್ಷ ಆಯ್ತೇನೋ. ಗಟ್ಟಿಯಾಗಿ ಅಂದ್ರೆ ಕೇಳಿಸುತ್ತೆ. ನೀನು ಮೊದಲಿಂದ್ಲೂ ಮೆತ್ತಗೆ ಮಾತಾಡೋಳು.”

“ಹೇಳೋಕೆ ಏನಾಗಿತ್ತು?”

“ಕಿವಿ ಹೋದ ಮೆಕ್ಯಾನಿಕ್ ಹತ್ತಿರ ಯಾರು ಗಾಡಿ ತರ್ತಾರೆ?” ಎಂದರು ಮಾವ. ಮೇಷ್ಟ್ರು ಇದ್ದಕ್ಕಿದ್ದಂತೆ ತಮ್ಮ ಕಾರಿನ ಗಾಜು ಒರೆಸತೊಡಗಿದರು. ನನಗೆ ನಾಚಿಕೆಯಾಯಿತು. ಒಂದೇ ಮನೆಯಲ್ಲಿದ್ದು, ದಿನಾ ಎದುರಿಗೇ ಊಟ ಬಡಿಸಿ, ಇವರಿಗೆ ಸೊಕ್ಕು ಎಂದು ಮನಸ್ಸಿನಲ್ಲೇ ಅಂದುಕೊಂಡವರಲ್ಲಿ ನಾನೂ ಒಬ್ಬಳು.

ಮಾವ ಶೆಡ್ಡಿನಿಂದ ಬೇರೆ ಬೋಲ್ಟೂ ನಟ್ಟೂ ತಂದು ಪಕ್ಕದ ತೂತಿಗೆ ಹಾಕಿದರು. ಸ್ಪ್ಯಾನರ್ ಕೂರಿಸಿ ಹೆಂಡತಿಗೆ ಹೇಳಿದರು. “ಕಿರ್ ಅಂದ ತಕ್ಷಣ ಹೇಳು.”

ಅತ್ತೆ ಬಗ್ಗಿ ಇಂಜಿನ್ನಿನ ಹತ್ತಿರ ಕಿವಿ ಇಟ್ಟರು. ಮಾವ ತಿರುಗಿಸಿದರು. ಒಂದು ಸುತ್ತು, ಇನ್ನರ್ಧ ಸುತ್ತು. ಕಿರ್ ಎಂದಿತು. ಅತ್ತೆ ಅವರ ಮೊಣಕೈ ಹಿಡಿದು ನಿಲ್ಲಿಸಿದರು.

ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮಾವ ಕೈ ಒರೆಸಿಕೊಂಡು ಗಡಿಯಾರ ನೋಡಿ, “ಹನ್ನೊಂದು ಆಯ್ತು. ಹೊರಟರೆ ಬಸ್ಸು ಸಿಗುತ್ತೆ,” ಎಂದರು. ಹಾಗೆಂದು ಹಿಂದಿನ ಬಾಗಿಲನ್ನು ಹೆಂಡತಿಗಾಗಿ ತೆರೆದು ಹಿಡಿದುಕೊಂಡು ನಿಂತರು. ಅಯ್ಯೋ ಪುಣ್ಯಾತ್ಮ, ಈಗಲಾದರೂ ಹೋಗಬೇಡ ಅನ್ನಿ ಎಂದು ಕೂಗಬೇಕೆನಿಸಿತು ನನಗೆ.

ಅತ್ತೆ ಹತ್ತಲಿಲ್ಲ. ಬ್ಯಾಟರಿಯ ಪಕ್ಕ ಬಿದ್ದಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡು, ಕರವಸ್ತ್ರದಿಂದ ಅದರ ತುದಿಯ ಜಿಡ್ಡನ್ನು ಚೆನ್ನಾಗಿ ಒರೆಸಿದರು. ಬಂದು ಗಂಡನ ಎದುರು ನಿಂತು, ಮರದ ಹಿಡಿಯನ್ನು ಅವರ ಬಾಯಿಯ ಹತ್ತಿರ ಹಿಡಿದರು.

“ಕಚ್ಚಿ,” ಎಂದರು.

“ಏನೇ ಇದು, ಮೇಷ್ಟ್ರು ಇದಾರೆ...”

“ಕಚ್ಚಿ ಅಂದ್ನಲ್ಲ.”

ಮಾವ ಕಚ್ಚಿದರು. ಅತ್ತೆ ಸ್ಕ್ರೂಡ್ರೈವರಿನ ಚಪ್ಪಟೆ ತುದಿಯನ್ನು ತಮ್ಮ ದವಡೆಯ ಮೂಳೆಗೆ ಒತ್ತಿಕೊಂಡರು. ಇಬ್ಬರ ಮುಖದ ನಡುವೆ ಒಂದು ಮೊಳದ ಕಬ್ಬಿಣ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅತ್ತೆಯ ತುಟಿ ಅಲುಗಿತು. ಎಷ್ಟು ಮೆಲ್ಲಗೆಂದರೆ, ನಾಲ್ಕು ಹೆಜ್ಜೆ ದೂರದಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಮಾವನಿಗೆ ಕೇಳಿಸಿತು. ಅವರ ಹುಬ್ಬು ಗಂಟಿಕ್ಕಿತು. ಹಿಡಿಯನ್ನು ಬಾಯಿಂದ ತೆಗೆದು ಹೆಂಡತಿಯ ಮುಖವನ್ನೇ ನೋಡಿದರು.

“ಭಯಾನಾ?” ಎಂದರು. “ಯಾಕೆ? ಯಾಕೆ ಭಯ ಆಯ್ತು ನಿನಗೆ?”

ಅತ್ತೆ ಉತ್ತರ ಹೇಳಲು ಬಾಯಿ ತೆರೆದರು. ಮಾತಿನ ಬದಲು ಅಳು ಬಂತು. ಮಾವ ಗಾಬರಿಯಾಗಿ, ತಾವೇ ಸ್ಕ್ರೂಡ್ರೈವರಿನ ತುದಿಯನ್ನು ಮತ್ತೆ ಅವರ ದವಡೆಗೆ ಮೆಲ್ಲಗೆ ಆನಿಸಿ, ಹಿಡಿಯನ್ನು ಕಚ್ಚಿಕೊಂಡು ಕಾದರು.

ಇಂಜಿನ್ನಿನ ಸದ್ದು ಅಡ್ಡ ಬರಬಾರದೆಂದು, ಇಷ್ಟು ಹೊತ್ತು ಒದ್ದಾಡಿ ಸ್ಟಾರ್ಟ್ ಮಾಡಿದ ಕಾರನ್ನು ನಾನೇ ಕೀಲಿ ತಿರುಗಿಸಿ ಆಫ್ ಮಾಡಿದೆ.