ನಗುವಿನ ಗದ್ದಲದಲ್ಲಿ ಒಂದು ಹಾಡು

ಸೀರೆಯ ಹೊಸ ಅಂಚಿನ ನಕ್ಷೆ ಗೊತ್ತಿದ್ದದ್ದು ಇಬ್ಬರಿಗೇ: ನಾರಾಯಣಪೇಟೆಯ ಸೀರೆ ವ್ಯಾಪಾರಿ ಹಂಪಣ್ಣನಿಗೆ ಮತ್ತು ಅವನ ನೇಕಾರ ನರಸಿಂಹುಲುವಿಗೆ. ಹದಿನೆಂಟು ವರ್ಷ ಹಗಲು ಹೊತ್ತು ಮಗ್ಗ ಬಿಟ್ಟೇಳದ ನರಸಿಂಹುಲು ಈಗ ಸಾಲಾಗಿ ಮೂರು ಗುರುವಾರ ಗದ್ವಾಲಕ್ಕೆ ಹೋಗಿದ್ದ. ಕೇಳಿದರೆ ಬೀಗರ ಮನೆ ಎಂದ. ಗದ್ವಾಲದಲ್ಲಿ ಅವನಿಗೆ ಬೀಗರಿಲ್ಲ. ಆದರೆ ಸೀರೆ ವ್ಯಾಪಾರಿಗಳು ಬೇಕಾದಷ್ಟಿದ್ದರು.

ನಾಲ್ಕನೆಯ ಗುರುವಾರ ಹಂಪಣ್ಣ ಬೈಕಿನಲ್ಲಿ ಅವನಿದ್ದ ಬಸ್ಸಿನ ಬೆನ್ನುಹತ್ತಿದ. ಮಕ್ತಲದಲ್ಲಿ ಬಸ್ಸು ಬದಲಿಸಿದ ನರಸಿಂಹುಲು, ಜೂರಾಲ ಅಣೆಕಟ್ಟು ದಾಟಿ ಗದ್ವಾಲದಲ್ಲಿ ಇಳಿದವನೇ ನೇರ ಟಾಕೀಸಿಗೆ ನಡೆದ. ನಕ್ಷೆ ಕೈಬದಲಿಸಲು ಕತ್ತಲೆಯ ಜಾಗ ಚೆನ್ನಾಗಿ ಹುಡುಕಿದ್ದಾನೆ ಅಂದುಕೊಂಡ ಹಂಪಣ್ಣ, ತಾನೂ ಟಿಕೆಟ್ ಪಡೆದು ಎರಡು ಸಾಲು ಹಿಂದೆ ಕೂತ.

ಹೆಣ್ಣು ನೋಡಲು ಹೋದಲ್ಲೆಲ್ಲ ಎಡವಿ ಬೀಳುವ ದಪ್ಪ ಗಂಡೊಬ್ಬನ ನಗೆ ಸಿನಿಮಾ ಅದು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನರಸಿಂಹುಲು ಮಾತ್ರ ಹಾಡು ಬಂದಾಗಲೆಲ್ಲ ಕಣ್ಣು ಮುಚ್ಚಿ, ಮಗ್ಗ ತುಳಿಯುವಂತೆ ಪಾದ ಆಡಿಸುತ್ತಿದ್ದ. ಅವನ ಪಕ್ಕಕ್ಕೆ ಯಾರೂ ಬಂದು ಕೂರಲಿಲ್ಲ.

ಇಂಟರ್ವಲ್ಲಿನಲ್ಲಿ ಹಂಪಣ್ಣ ಹೋಗಿ ಅವನ ಚೀಲ ಕಿತ್ತುಕೊಂಡ. ಒಳಗೆ ಇದ್ದದ್ದು ಎರಡು ರೊಟ್ಟಿ, ಒಂದು ನೀರಿನ ಬಾಟಲಿ.

“ಯಾರು ಬರೋರು ಅದಾರ ಇಲ್ಲಿಗೆ? ಖರೇ ಹೇಳು.”

“ಯಾರೂ ಇಲ್ರಿ ಸಾವ್ಕಾರ್ರ. ಹಾಡು ಕೇಳಾಕ ಬರ್ತೀನ್ರಿ.”

“ಹಾಡು ಫೋನಿನ್ಯಾಗ ಇಲ್ಲೇನು?”

“ಫೋನಿನ್ಯಾಗ ಬರೇ ಹಾಡು ಐತ್ರಿ. ಇಲ್ಲಿ ಆ ಮನುಷ್ಯಾ ಬೀಳ್ತಾನ, ಮಂದಿ ಎಲ್ಲಾ ನಗ್ತಾರ. ಹಾಡು ಒಂದೇ ಅವನ್ನ ನೋಡಿ ನಗಂಗಿಲ್ರಿ.”

ಹಂಪಣ್ಣ ನಂಬಲಿಲ್ಲ. ಉಳಿದರ್ಧಕ್ಕೆ ಅವನ ಪಕ್ಕದಲ್ಲೇ ಕಾವಲು ಕೂತ. ತೆರೆಯ ಮೇಲೆ ಆ ದಪ್ಪನೆಯವನು ಹರಿದ ಪ್ಯಾಂಟಿನಲ್ಲಿ ಬಸ್ ಸ್ಟ್ಯಾಂಡಿನ ತುಂಬ ಓಡುತ್ತಿದ್ದ. ಟಾಕೀಸು ನಗೆಯಲ್ಲಿ ಮುಳುಗಿತ್ತು. ಗಿಟಾರಿನ ಜೊತೆ ಹೆಣ್ಣುದನಿಯೊಂದು, ಬರುತ್ತೇನೆಂದವರು ಬರಲಿಲ್ಲವೆಂದು ಹಗುರಾಗಿ ಹಾಡುತ್ತಿತ್ತು. ಹಂಪಣ್ಣ ಒಂದು ಗಳಿಗೆ ಕಣ್ಣು ಮುಚ್ಚಿದ. ತೆರೆದಾಗ ಓಡುತ್ತಿದ್ದವನನ್ನು ನೋಡಿ ನಗು ಬರಲಿಲ್ಲ.

ಹೊರಗೆ ಬಂದ ಮೇಲೆ, ಬೀಗರ ಮನೆಯೆಂದು ಸುಳ್ಳು ಯಾಕೆ ಹೇಳಿದೆಯೆಂದು ಕೇಳಿದ. ಈ ವಯಸ್ಸಿನಲ್ಲಿ ಇಂಥ ಸಿನಿಮಾದ ಹಾಡಿಗೆ ಮಗ್ಗ ಬಿಟ್ಟು ಬರುತ್ತೇನೆಂದರೆ ಓಣಿಯವರು ಆಡಿಕೊಳ್ಳುತ್ತಾರೆಂದ ನರಸಿಂಹುಲು.

“ನಾ ನಿನ್ನ ಮ್ಯಾಲ ಸಂಶಯ ಪಟ್ಟಿದ್ದೆ,” ಎಂದ ಹಂಪಣ್ಣ.

“ಚೀಲ ಕಸ್ಗೊಂಡಾಗ ಗೊತ್ತಾತ್ರಿ.”

ನರಸಿಂಹುಲು ಚೀಲವನ್ನು ಎದೆಗವಚಿಕೊಂಡು ಬೈಕಿನ ಹಿಂದೆ ಕೂತ. ಮಕ್ತಲದಲ್ಲಿ ಚಹಾಕ್ಕೆ ನಿಂತಾಗ ಹಂಪಣ್ಣ, ತನಗರಿವಿಲ್ಲದೆಯೇ, ಆ ಹಾಡನ್ನು ಗುನುಗತೊಡಗಿದ. ನರಸಿಂಹುಲು ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ತಪ್ಪಿದ ಸಾಲನ್ನು ಮೆಲ್ಲಗೆ ಸರಿಯಾಗಿ ಹಾಡಿ ತೋರಿಸಿದ.