ಬಡಗಿಯ ಬಾಯಿ ಜಾರಿದ್ದು

ಹೇಗೆ ಶುರುಮಾಡಲಿ? "ದೇವರಿಲ್ಲ" ಎಂದರೆ ಅರ್ಧ ಓದುಗರು ಎದ್ದು ಹೋಗುತ್ತಾರೆ, "ಇದ್ದಾನೆ" ಎಂದರೆ ಉಳಿದರ್ಧ. ಸುತ್ತಿಗೆಯಿಂದ ಶುರುಮಾಡೋಣ. ಅದರ ಬಗ್ಗೆ ಯಾರದೂ ತಕರಾರಿಲ್ಲ.

೧

ನಾಸ್ತಿಕರ ಸಂಘದ ಮುರುಕು ಬೆಂಚಿಗೆ ಮೊಳೆ ಹೊಡೆಯುತ್ತಿದ್ದ ಬಡಗಿ, ಗುರಿ ತಪ್ಪಿ ತನ್ನ ಹೆಬ್ಬೆರಳಿಗೇ ಬಾರಿಸಿಕೊಂಡ. "ಅಯ್ಯೋ ದೇವರೇ!" ಎಂದು ಕಿರುಚಿದ. ಹನ್ನೆರಡು ವರ್ಷದಿಂದ ಸಂಘದ ಸದಸ್ಯ! ಓಡಿ ಬಂದ ಕಾರ್ಯದರ್ಶಿ, ನಿವೃತ್ತ ಲೆಕ್ಕದ ಮೇಷ್ಟ್ರು, ಬೆರಳು ನೋಡಲಿಲ್ಲ.

"ಏನಂದ್ರಿ?" ಎಂದರು.

೨

(ಬಡಗಿಯ ಬಾಲ್ಯದ ಬಗ್ಗೆ ಎರಡು ಪುಟ ಬರೆದು ಹರಿದುಹಾಕಿದೆ. ಉಳಿದದ್ದಿಷ್ಟು: ಪ್ರಾರ್ಥನೆಯ ನಡುವೆ ನಕ್ಕನೆಂದು ಅಪ್ಪ ಅವನನ್ನು ಎಲ್ಲರೆದುರು ಮಂಡಿಯೂರಿಸಿದ್ದ. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ.)

೩

ಭಾನುವಾರ ಹತ್ತಕ್ಕೆ ಸರಿಯಾಗಿ ಎಲ್ಲರೂ ಎದ್ದು ನಿಂತು ಸ್ಥಾಪಕರ ಹತ್ತು ಸೂತ್ರಗಳನ್ನು ಒಕ್ಕೊರಲಲ್ಲಿ ಹೇಳಿದರು. ನಂತರ ವಿಚಾರಣೆ.

"ಬಾಯ್ತಪ್ಪಿ ಬಂತು ಮೇಷ್ಟ್ರೇ. ನೋವಾದಾಗ ಅಯ್ಯೋ ವಿಜ್ಞಾನವೇ ಅನ್ನೋಕಾಗುತ್ತಾ?"

ಹಿಂದೆ ಯಾರೋ ಕಿಸಕ್ಕೆಂದರು.

"ಎಲ್ಲರೆದುರು ತಪ್ಪೊಪ್ಪಿಕೊಳ್ಳಿ. ಸ್ಥಾಪಕರ ಪುಸ್ತಕ ಏಳು ಸಲ ಓದಿ. ಆಗ ಶುದ್ಧ."

"ಶುದ್ಧಾನಾ?"

"ಅಂದ್ರೆ... ಮೆಂಬರ್‌ಶಿಪ್ ಮುಂದುವರಿಯುತ್ತೆ."

ಬಡಗಿಯ ಮಂಡಿಗಳು ತಾವಾಗಿಯೇ ಬಿಗಿದುಕೊಂಡವು. ಈ ಸಂಘ ಬಿಟ್ಟರೆ ಅವನಿಗೆ ಬೇರೆ ಗೆಳೆಯರಿರಲಿಲ್ಲ. ಆದರೂ ಹೇಳಿಬಿಟ್ಟ: "ಇಷ್ಟೇ ಆಗಿದ್ರೆ ನಮ್ಮಪ್ಪನ ಹತ್ರಾನೇ ಇರ್ತಿದ್ದೆ. ಅಲ್ಲಿ ಹಾಡಾದ್ರೂ ಚೆನ್ನಾಗಿರ್ತಿದ್ವು."

ಹೊರಟೇಬಿಟ್ಟ.

೪

(ಮೊದಲ ಅಂತ್ಯದಲ್ಲಿ ಅವನನ್ನು ಮತ್ತೆ ಪ್ರಾರ್ಥನೆಗೆ ಕಳಿಸಿದ್ದೆ. ಬಡಗಿ ರೇಗಿದ: "ನಂಗೆ ಈಗ್ಲೂ ನಂಬಿಕೆ ಇಲ್ಲ ಕಣ್ರೀ! ಯಾರನ್ನ ಕೇಳಿ ಕಳಿಸಿದ್ರಿ?" ಎರಡನೆಯದರಲ್ಲಿ ಮೇಷ್ಟ್ರು ಕ್ಷಮೆ ಕೇಳಿದರು. "ಅವರು ಕ್ಷಮೆ ಕೇಳೋದನ್ನ ಯಾವತ್ತಾದ್ರೂ ನೋಡಿದೀರಾ?" ಎಂದು ಬಡಗಿ ನಕ್ಕ. ಸರಿಯಪ್ಪ, ನಡೆದದ್ದನ್ನೇ ಬರೆಯುತ್ತೇನೆ.)

೫

ಮುಂದಿನ ಭಾನುವಾರ ಬಡಗಿ ಮನೆಯಲ್ಲೇ ಅಂಡು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. "ಒಂದು ಕಡೆ ಕೂತ್ಕೊಳ್ರೀ, ನೆಲ ಸವೀತಿದೆ," ಎಂದಳು ಹೆಂಡತಿ.

ಅಷ್ಟರಲ್ಲಿ ಸಂಘದ ಮೂವರು ಬಾಗಿಲಿಗೆ ಬಂದರು.

"ನಾವೂ ಬಿಟ್ವಿ ಅಣ್ಣಾ! ಹೊಸ ಸಂಘ ಮಾಡ್ತೀವಿ. ನೀವೇ ಸ್ಥಾಪಕರು. ಅವತ್ತು ನೀವಂದದ್ದನ್ನೆಲ್ಲ ಬರೆದಿಟ್ಕೊಂಡಿದೀವಿ. ಗೋಡೆಗೆ ಒಂದು ಫೋಟೋ ಬೇಕಿತ್ತು."

ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡು ಒಳಗೋಡಿದಳು. ಬಡಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಫೋಟೋ ಇಲ್ಲ, ಟೀ ಇದೆ. ಒಳಗೆ ಬನ್ನಿ," ಎಂದ.

ಅವರ ಹಿಂದೆ, ಬೀದಿಯ ತಿರುವಿನಲ್ಲಿ, ಮೇಷ್ಟ್ರು ಒಬ್ಬರೇ ನಿಧಾನವಾಗಿ ಬರುತ್ತಿದ್ದರು. ಜಗಳಕ್ಕೋ ರಾಜಿಗೋ ಅವರಿಗೇ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ, ನೀವೂ ಕೇಳಬೇಡಿ. ಬಡಗಿ ಮಾತ್ರ ಒಳಗಿಂದ ಇನ್ನೊಂದು ಕುರ್ಚಿ ಎಳೆದು ತಂದ.